ಸಿದ್ಲಿಂಗನಿಗೆ ನಾನು ಆರಿಸಿದ ಕೈಗವಸು

ಮೊನ್ನೆ ಸಂತೆಯಿಂದ ಹೊಸ ಮೆಟ್ಟು ತಂದೆ. ಕಾಲು ಕಚ್ಚಬಾರದೆಂದು ಹರಳೆಣ್ಣೆ ಸವರಿ ಜಗಲಿಯ ಬಿಸಿಲಿಗಿಟ್ಟೆ. ಸ್ವಲ್ಪ ಹೊತ್ತಿಗೆ ಕಾದ ಚರ್ಮ, ಕಾದ ಎಣ್ಣೆ ಎರಡೂ ಸೇರಿದ ವಾಸನೆ ಎದ್ದಿತು. ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಹೊಟ್ಟೆಯಲ್ಲಿ ಚುರ್ ಎಂದಿತು. ಅರವತ್ತು ದಾಟಿದವನಿಗೆ ಹೊಟ್ಟೆ ಚುರುಗುಟ್ಟಿದರೆ ಪಂಡಿತರನ್ನು ಕಾಣು ಅನ್ನುತ್ತಾರೆ. ಇದು ಪಂಡಿತರ ಕಷಾಯಕ್ಕೆ ಬಗ್ಗುವ ಬೇನೆಯಲ್ಲ. ಇದು ನಲವತ್ತು ವರ್ಷಕ್ಕೂ ಹಳೆಯ ಹೊಟ್ಟೆಕಿಚ್ಚು.

ಮುಖ ಸಿಂಡರಿಸಬೇಡಿ. ನಿಮಗೂ ಒಬ್ಬ ತಮ್ಮನೋ, ನೆಂಟನೋ, ಓರಗೆಯವನೋ ಇದ್ದೇ ಇರುತ್ತಾನೆ. ಅವನು ಊಟ ಮಾಡಿದರೆ ನಿಮ್ಮ ತಾಯಿಗೆ ಹೊಟ್ಟೆ ತುಂಬುತ್ತದೆ, ಅವನು ಕೆಮ್ಮಿದರೆ ನಿಮ್ಮ ಅಪ್ಪನಿಗೆ ನಿದ್ದೆ ಬರುವುದಿಲ್ಲ. ನನ್ನ ಪಾಲಿಗೆ ಅಂಥವನು ಸಿದ್ಲಿಂಗ. ಮಾಡದಕೆರೆಯಲ್ಲಿದ್ದ ನನ್ನ ಚಿಕ್ಕಪ್ಪನ ಮಗ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು.

ಮಾರಿಕಣಿವೆಯಲ್ಲಿ ವೇದಾವತಿ ಹೊಳೆಗೆ ಕಟ್ಟೆ ಇನ್ನೂ ಏಳುತ್ತಿದ್ದ ಕಾಲ ಅದು. ಅಪ್ಪ ಅಲ್ಲಿ ಗುಮಾಸ್ತರು. ಕ್ಯಾಂಪಿನ ಸಾಲುಮನೆಯಲ್ಲಿ ನಮ್ಮ ಬಿಡಾರ. ನಾನು ಚಿತ್ರದುರ್ಗದಲ್ಲಿ ಓದಿ, ಅಷ್ಟಿಷ್ಟು ಇಂಗ್ಲಿಷು ಬಾಯಿಗೆ ಹಾಕಿಕೊಂಡು ಬಂದಿದ್ದೆ. ಮುಂದಿನ ಪರೀಕ್ಷೆ ನನ್ನನ್ನು ಒಲ್ಲೆ ಅಂದಿತ್ತು. ಆ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಸಾರಿಗೆ ಉಪ್ಪು ಕಡಿಮೆಯಾದರೂ ಅಪ್ಪ ನನ್ನ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಚಿಕ್ಕಪ್ಪ ಈ ಸಿದ್ಲಿಂಗನನ್ನು ಓದಲೆಂದು ನಮ್ಮಲ್ಲಿ ತಂದು ಬಿಟ್ಟರು. ಬಂದ ಮೂರೇ ದಿನಕ್ಕೆ ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣತೊಡಗಿದರು. ಆ ಜಾಗದಲ್ಲಿ ಹದಿನೆಂಟು ವರ್ಷ ನಾನು ಕೂತಿದ್ದೆ.

ಯಂತ್ರ ಜೋಡಿಸಲೆಂದು ಅಮೇರಿಕಾ ದೇಶದ ಒಬ್ಬ ದೊರೆ ಕ್ಯಾಂಪಿನಲ್ಲಿದ್ದ. ಮಾತು ತಿಳಿಸಲು ಅವನ ಜೊತೆ ನಾನು. ಸಂಜೆಯಾದರೆ ಅವನಿಗೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಕ್ಯಾಂಪಿನ ಹುಡುಗರನ್ನು ಕೂಡಿಸಿ ತನ್ನ ದೇಶದ ಬೇಸ್‌ಬಾಲ್ ಕಲಿಸಿದ. ನಮ್ಮ ಜನ ಅದನ್ನು ದೊರೆ ಆಟ ಅನ್ನುತ್ತಿದ್ದರು. ಒಬ್ಬ ಚೆಂಡೆಸೆಯಬೇಕು, ಇನ್ನೊಬ್ಬ ದೊಣ್ಣೆಯಿಂದ ಹೊಡೆದು, ನಾಲ್ಕು ಮೂಲೆಯಲ್ಲಿಟ್ಟ ಮರಳಿನ ಚೀಲಗಳನ್ನು ಮುಟ್ಟುತ್ತಾ ಸುತ್ತು ಹಾಕಿ ಬರಬೇಕು. ದೂರ ಹಾರಿದ ಚೆಂಡನ್ನು ಹಿಡಿಯಲು ಬಯಲಿನ ಕೊನೆಯಲ್ಲಿ ಮೂವರು ಕಾಯಬೇಕು. ಹಿಡಿದರೆ ಸಾಲದು, ಓಡುವವನಿಗಿಂತ ಮುಂಚೆ ಚೆಂಡು ವಾಪಸು ಬಂದು ಬೀಳಬೇಕು.

ಸಿದ್ಲಿಂಗ ನಿಂತದ್ದು ಆ ಕೊನೆಯಲ್ಲಿ. ಜೋಳದ ಹೊಲದಲ್ಲಿ ಕವಣೆ ಬೀಸಿ ಗಿಳಿ ಓಡಿಸಿ ಬೆಳೆದ ಹುಡುಗ. ಚೆಂಡು ದೊಣ್ಣೆಯಿಂದ ಏಳುವುದೇ ತಡ, ಎಲ್ಲಿ ಬೀಳುತ್ತದೆಂದು ಅವನ ಕಾಲಿಗೆ ಗೊತ್ತಾಗಿಬಿಡುತ್ತಿತ್ತು. ನಾನೂ ಎರಡು ದಿನ ಆಡಿದೆ. ಮೂರನೆಯ ದಿನ ಚೆಂಡು ನನ್ನ ಮೂಗನ್ನು ಹುಡುಕಿಕೊಂಡು ಬಂತು. ಆಮೇಲೆ ನಾನು ಆ ಆಟವನ್ನು ಮ್ಲೇಚ್ಛರ ಆಟವೆಂದು ತೀರ್ಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಬರಿಗೈಯಲ್ಲಿ ಹಿಡಿದು ಹಿಡಿದು ಸಿದ್ಲಿಂಗನ ಎಡಗೈ ಬಾತು ಬದನೆಕಾಯಿಯಾಯಿತು. ಒಂದು ಸಂಜೆ ದೊರೆ ಆ ಕೈಯನ್ನು ತಿರುಗಿಸಿ ನೋಡಿದ. ಇವನಿಗೆ ಒಂದು ಒಳ್ಳೆಯ ಕೈಗವಸು ನಾನೇ ತರಿಸಿಕೊಡುತ್ತೇನೆ ಅಂದ. ಚಿತ್ರಗಳಿದ್ದ ಒಂದು ಕ್ಯಾಟಲಾಗನ್ನು ನನ್ನ ಕೈಗಿಟ್ಟು, ನೀನು ಅಣ್ಣನಲ್ಲವೇ, ನೀನೇ ಆರಿಸು, ಕೈ ಅಳೆದು ಕಾಗದ ತುಂಬಿ ತಾ ಎಂದ. ಹೋಗುವ ಮುಂಚೆ ನಮ್ಮಿಬ್ಬರ ಮುಂದೆ ತನ್ನ ಎಡಗೈಯನ್ನು ಪಟಪಟ ಮೂರು ಸಲ ತಟ್ಟಿ ತೋರಿಸಿದ. ಎಸೆಯುವ ಕೈಗೆ ಗವಸು ಹಾಕಬಾರದು. ಹುಡುಗ ಬಲಗೈಯಲ್ಲಿ ಎಸೆಯುತ್ತಾನೆ, ಆದ್ದರಿಂದ ಎಡಗೈಯದೇ ಬರೆ, ತಪ್ಪಬೇಡ. ನಾನು ಎಸ್ ಸಾರ್ ಅಂದೆ.

ಆ ಕ್ಯಾಟಲಾಗನ್ನು ಎಷ್ಟು ಸಲ ತಿರುವಿದೆನೋ. ಒಂದರ ಬೆರಳು ಗಿಡ್ಡ, ಇನ್ನೊಂದರ ಅಂಗೈಗೆ ಮೆತ್ತೆ, ಮತ್ತೊಂದಕ್ಕೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚರ್ಮದ ಪಟ್ಟಿ. ದೂರ ನಿಲ್ಲುವವನಿಗೆ ಆ ಪಟ್ಟಿಯದೇ ಸರಿ, ಚೆಂಡು ಬೆರಳ ಸಂದಿಯಲ್ಲಿ ಜಾರುವುದಿಲ್ಲ ಎಂದು ಓದಿ ತಿಳಿದುಕೊಂಡೆ. ಸಿದ್ಲಿಂಗನ ಕೈಯನ್ನು ಕಾಗದದ ಮೇಲೆ ಇಡಿಸಿ ಸುತ್ತಲೂ ಸೀಸದಕಡ್ಡಿ ಎಳೆದೆ. ಅವನ ಬೆರಳು ನನ್ನವಕ್ಕಿಂತ ಉದ್ದ. ನೋಡಿ, ಅದಕ್ಕೂ ನನಗೆ ಸಂಕಟವಾಯಿತು. ಹಡಗು ಹತ್ತಿ ಬರುವ ವಸ್ತು ಅವನಿಗೆ, ಅದನ್ನು ತರಿಸುವ ಗುಮಾಸ್ತಗಿರಿ ನನಗೆ!

ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಕ್ಯಾಟಲಾಗನ್ನು ಹರಡಿದೆ. ಅಜ್ಜಿ ಹತ್ತಿರ ಬಂದು ಕೂತರು. ಅಪ್ಪನ ತಾಯಿ ಅವರು. ಮನೆಯ ಮಠಾಧಿಪತಿ ಅಂದರೂ ಸಲ್ಲುತ್ತದೆ.

"ಇದು ಯಾತರ ಚರ್ಮಾಲೇ?"

"ಕುದುರೇದು ಅಜ್ಜಿ."

"ಸದ್ಯ, ದನದ್ದಲ್ಲ. ಯಾವ ಕೈಗೆ ಹಾಕ್ಕಳ್ಳಾದು?"

"ಎಡಗೈಗೆ" ಎಂದ ಸಿದ್ಲಿಂಗ.

ಅಜ್ಜಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡರು. "ಎಡಗೈಗಾ? ದಿನಾ ಬೆಳಿಗ್ಗೆ ಲಿಂಗಪ್ಪನ್ನ ಕುಂದ್ರಿಸ್ಕಂಡು ಪೂಜೆ ಮಾಡೋ ಅಂಗೈ ಅದು. ಅದರ ಮ್ಯಾಲೆ ಸತ್ತ ಕುದ್ರೆ ಚರ್ಮ ಹಾಕ್ಕಂತೀಯಾ? ನಾನು ಇರೋತನಕ ಈ ಮನ್ಯಾಗೆ ಅದು ಆಗಲ್ಲ."

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು ಪದ್ಧತಿ. ಅಜ್ಜಿಯ ಮಾತಿಗೆ ಯಾರೂ ಎದುರಾಡುವಂತಿರಲಿಲ್ಲ. ಆದರೆ ಅಪ್ಪನಿಗೆ ಹುಡುಗನ ಆಸೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿದರು.

"ನೀನು ಇಂಗ್ಲಿಷ್ ಓದ್ದೋನಪ್ಪ. ಬಲಗೈದು ತರ್ಸಿದ್ರೆ ಆಟಕ್ಕೇನಾದ್ರೂ ತೊಂದ್ರೆ ಐತಾ?"

ಎಷ್ಟೋ ತಿಂಗಳ ಮೇಲೆ ಅಪ್ಪ ನನ್ನನ್ನು ಒಂದು ವಿಷಯ ತಿಳಿದವನೆಂದು ಕೇಳಿದ್ದರು. ತೊಂದರೆ ಐತೆ ಅಪ್ಪ, ಬಲಗೈಗೆ ಗವಸು ಹಾಕಿದರೆ ಇವನು ಎಸೆಯುವುದು ಯಾವುದರಲ್ಲಿ ಅಂದಿದ್ದರೆ ಸಾಕಿತ್ತು. ಅಪ್ಪ ದೊರೆಗೆ ಬೇಡವೆಂದು ಹೇಳುತ್ತಿದ್ದರು, ಇಲ್ಲವೇ ಸ್ವಾಮಿಗಳನ್ನು ಕೇಳಿ ದಾರಿ ಹುಡುಕುತ್ತಿದ್ದರು. ನಾನು ಸಿದ್ಲಿಂಗನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ.

"ಏನೂ ಇಲ್ಲಪ್ಪ. ಎರಡೂ ಒಂದೇ" ಅಂದೆ.

ಕಾಗದದಲ್ಲಿ ಬಲಗೈ ಎಂದು ದುಂಡಗೆ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಮುದ್ದಾದ ಅಕ್ಷರ ಬರೆದದ್ದಿಲ್ಲ. ದೊರೆ ಓದದೆಯೇ ರುಜು ಹಾಕಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಧರ್ಮ ಕಾಪಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗವಸು ಬರಲು ಐದು ತಿಂಗಳು ಹಿಡಿಯಿತು. ಪೆಟ್ಟಿಗೆ ತೆರೆದಾಗ ದೊರೆ ಹುಬ್ಬೇರಿಸಿದ. ನಮ್ಮ ಧರ್ಮದಲ್ಲಿ ಎಡ ಅಂಗೈಗೆ ಚರ್ಮ ಸಲ್ಲದು ಎಂದು ವಿವರಿಸಿದೆ. ಧರ್ಮದ ಮಾತು ಬಂದ ಮೇಲೆ ಬಿಳಿಯ ದೊರೆ ಏನು ಹೇಳಿಯಾನು? ತಲೆ ಕೆರೆದುಕೊಂಡು ಹೋದ. ಚರ್ಮ ಹೊಸಿಲು ದಾಟುವಂತಿಲ್ಲವಾದ್ದರಿಂದ ಸಿದ್ಲಿಂಗ ಅದನ್ನು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟ. ದಿನಾ ಹರಳೆಣ್ಣೆ ತಿಕ್ಕಿ ಬಿಸಿಲು ತೋರಿಸುತ್ತಿದ್ದ. ಒಮ್ಮೆ ಯಾರೂ ಇಲ್ಲದಾಗ ನಾನು ಅದರೊಳಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು. ನನ್ನ ಬೆರಳು ಅದರ ತುದಿ ಮುಟ್ಟಲಿಲ್ಲ. ಕಳ್ಳನ ಹಾಗೆ ಅದನ್ನು ತಿರುಗಿ ಗೂಡಿಗಿಟ್ಟು ಹೊರಗೆ ಬಂದೆ.

ಮೊದಲ ಆಟದಲ್ಲಿ ನಾನು ನೆನೆಸಿದಂತೆಯೇ ಆಯಿತು. ಚೆಂಡು ಬಂತು, ಸಿದ್ಲಿಂಗ ಬಲಗೈಯಲ್ಲಿ ಸೊಗಸಾಗಿ ಹಿಡಿದ. ಎಸೆಯಬೇಕೆಂದರೆ ಗವಸು ಕಳಚಬೇಕು. ಹಲ್ಲಿನಿಂದ ಎಳೆದು ಕಳಚಿ ಎಸೆಯುವಷ್ಟರಲ್ಲಿ ಓಡುವವನು ಸುತ್ತು ಮುಗಿಸಿ ಬೆವರೊರೆಸಿಕೊಳ್ಳುತ್ತಿದ್ದ. ಹುಡುಗರು ನಕ್ಕರು. "ಲೇ, ಗವ್ಸು ತೆಗ್ಯಾಕೆ ಅಗ್ಸರೋನ್ನ ಕರೀರಲೇ" ಎಂದು ಯಾರೋ ಕೂಗಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಹೋಗುವಾಗ ಅವನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಬೇರೆ ಹೇಳಿದೆ. ಬೇಜಾರು ಮಾಡ್ಕಬ್ಯಾಡ ಕಣೋ, ಎಲ್ರಿಗೂ ಎಲ್ಲ ಆಟ ಬರಲ್ಲ ಅಂದೆ. ಅವನು ಹ್ಞೂಂ ಅಣ್ಣ ಅಂದ.

ಮಾರನೆಯ ದಿನದಿಂದ ಬೆಳಗಿನ ಹೊತ್ತು ಸಿದ್ಲಿಂಗ ಮನೆಯಲ್ಲಿರುತ್ತಿರಲಿಲ್ಲ. ಒಂದು ದಿನ ನಾನು ವೇದಾವತಿಯ ಕಡೆ ಹೋದಾಗ ಕಂಡೆ. ಗುಂಡುಕಲ್ಲುಗಳ ಒಂದು ಗುಡ್ಡೆ ಹಾಕಿಕೊಂಡು, ಎದುರಿನ ಬಂಡೆಗೆ ಎಡಗೈಯಲ್ಲಿ ಹೊಡೆಯುತ್ತಿದ್ದ. ಚಿಕ್ಕ ಮಕ್ಕಳ ಹಾಗೆ ಕಲ್ಲು ಅವನ ಕಾಲ ಹತ್ತಿರವೇ ಬೀಳುತ್ತಿತ್ತು. ಹಾಗೇ ನಿಂತು ನೋಡಿದೆ, ಖುಷಿಯಾಯಿತು, ವಾಪಸು ಬಂದೆ. ಇಪ್ಪತ್ತು ದಿನ ಬಿಟ್ಟು ಮತ್ತೆ ಹೋದೆ. ಕಲ್ಲು ಬಂಡೆ ಮುಟ್ಟುತ್ತಿತ್ತು. ಅವತ್ತು ಖುಷಿಯಾಗಲಿಲ್ಲ.

ದೊರೆ ಊರು ಬಿಡುವ ಮುಂಚೆ ಕೊನೆಯದೊಂದು ದೊಡ್ಡ ಆಟ ಇಟ್ಟ. ಹಿರಿಯೂರು, ಬಬ್ಬೂರಿನಿಂದಲೂ ಜನ ಬಂದರು. ಅಪ್ಪ ರುಮಾಲು ಸುತ್ತಿಕೊಂಡು ಮುಂದೆ ಕೂತಿದ್ದರು. ಆಟ ಮುಗಿಯುವ ಹೊತ್ತು, ಚೆಂಡು ಸಿದ್ಲಿಂಗನ ತಲೆಯ ಮೇಲೆ ಹಾರಿತು. ಅವನು ಹಿಂದಕ್ಕೆ ಓಡಿ ಬಲಗೈ ಚಾಚಿ ಹಿಡಿದ. ಒಬ್ಬ ಆಗಲೇ ಕೊನೆಯ ಚೀಲದತ್ತ ಓಡುತ್ತಿದ್ದ. ಸಿದ್ಲಿಂಗ ಗವಸು ಕಳಚಲಿಲ್ಲ. ಚೆಂಡನ್ನು ಎಡಗೈಗೆ ತೆಗೆದುಕೊಂಡು, ಕವಣೆಯಿಂದ ಕಲ್ಲು ಹೊರಟಂತೆ ಬೀಸಿದ. ಅಷ್ಟು ದೂರದಿಂದ ಚೆಂಡು ನೆಲ ಮುಟ್ಟದೆ ಬಂದು, ಕೊನೆಯ ಚೀಲದ ಬಳಿ ನಿಂತಿದ್ದ ದೊರೆಯ ಕೈಗೆ ಬಿತ್ತು. ಓಡುತ್ತಿದ್ದವನು ನಡುದಾರಿಯಲ್ಲೇ ನಿಂತ.

ದೊರೆ ಟೋಪಿಯನ್ನು ಮೇಲಕ್ಕೆಸೆದ. ಅಪ್ಪ ಅಷ್ಟು ಜನರ ಎದುರಿಗೆ ಸಿದ್ಲಿಂಗನನ್ನು ಅಪ್ಪಿಕೊಂಡರು. ಆಗ ಅವನು ಎಂಥ ಮಾತಾಡಿದ ಗೊತ್ತೇ? "ದೊಡ್ಡಪ್ಪ, ಗವ್ಸು ಅಣ್ಣ ಆರ್ಸಿದ್ದು" ಅಂದ. ಅಪ್ಪ ನನ್ನ ಬೆನ್ನು ತಟ್ಟಿ, "ಒಳ್ಳೇದು ಮಾಡ್ದೆ ಕಣಪ್ಪ" ಅಂದರು. ಪರೀಕ್ಷೆ ಹೋದ ಮೇಲೆ ಅವರು ನನಗೆ ಆಡಿದ ಮೊದಲ ಮೆಚ್ಚಿನ ಮಾತು ಅದು. ಅದನ್ನೂ ಅವನೇ ಕೊಡಿಸಿದ. ಅವನ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಇನ್ನಾವತ್ತೂ ಬಂದಿಲ್ಲ.

ಅಪ್ಪ ಹೋದರು, ಅಜ್ಜಿ ಹೋದರು. ಸಿದ್ಲಿಂಗ ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿ, ನಿವೃತ್ತಿಯಾಗಿ ಅಲ್ಲೇ ಉಳಿದ. ಮದುವೆ, ತಿಥಿ ಅಂತ ಭೇಟಿಯಾದಾಗಲೆಲ್ಲ ಗವಸಿನ ಮಾತು ನನ್ನ ನಾಲಿಗೆಯ ತನಕ ಬಂದು ಎಲೆಅಡಿಕೆಯ ಜೊತೆ ಒಳಗೆ ಹೋಗಿದೆ. ಮೊನ್ನೆ ಆ ವಾಸನೆ ಕುಡಿದ ಮೇಲೆ ತಡೆಯಲಾಗಲಿಲ್ಲ. ಮರುದಿನವೇ ಬಸ್ಸು ಹತ್ತಿದೆ.

ಅವನು ಅಂಗಳದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ. "ಬಾ ಅಣ್ಣ, ಕುಂತ್ಕ" ಅಂದ. ನಾನು ನಿಂತೇ ಹೇಳಿದೆ. ಗವಸು ಎಡಗೈದೇ ಬರೀಬೇಕಿತ್ತು, ನನಗೆ ಗೊತ್ತಿತ್ತು, ಬೇಕಂತಲೇ ಬಲಗೈದು ಬರೆದೆ ಅಂದೆ.

"ನಂಗೊತ್ತಿತ್ತು" ಅಂದ, ಕೈಯಲ್ಲಿದ್ದ ಕಾಯಿ ಬಿಡದೆ. "ದೊರೆ ಕೈ ತಟ್ಟಿ ತೋರಿಸ್ದಾಗ ನಾನೂ ಅಲ್ಲೇ ಇದ್ನಲ್ಲ. ನೀನು ಎರಡೂ ಒಂದೇ ಅಂದಾಗ್ಲೂ ಇದ್ದೆ."

"ಮತ್ತೆ ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ನಾನು ಬಂದಾಗ್ಲಿಂದ ನೀನು ನಂಗಂತ ಆರ್ಸಿದ್ದು ಅದೊಂದೇ ಅಲ್ವೇನಣ್ಣ. ಅದೂ ತಪ್ಪು ಅಂದ್ಬಿಟ್ರೆ ನಂಗೇನು ಉಳೀತಿತ್ತು? ಅದ್ಕೇ ಕೈಯನ್ನೇ ಬದ್ಲಾಯಿಸ್ಕಂಡೆ."

ನನಗೆ ಕಣ್ಣು ತುಂಬಿತು ಎಂದು ಬರೆದರೆ ನೀವು ನಂಬುತ್ತೀರಿ. ತುಂಬಿದ್ದೂ ನಿಜ. ಆದರೆ ಅದಕ್ಕೂ ಮೊದಲು ಬಂದದ್ದು ಹೊಟ್ಟೆಕಿಚ್ಚು. ನಲವತ್ತು ವರ್ಷ ನಾನು ಹೊತ್ತು ಬೆವೆತದ್ದನ್ನು ಇವನು ಹದಿನಾಲ್ಕನೆಯ ವಯಸ್ಸಿಗೇ ಇಳಿಸಿ ಹಾಯಾಗಿದ್ದನಲ್ಲ ಎಂದು. ಈ ಸಲ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ.

"ಸಿದ್ಲಿಂಗ, ನಿನ್ನ ಕಂಡ್ರೆ ನಂಗೆ ಮೊದ್ಲಿಂದ್ಲೂ ಹೊಟ್ಟೆಕಿಚ್ಚು ಕಣೋ."

ಅವನು ತಲೆಯೆತ್ತಿದ. "ಈಗ್ಲೂ ಐತಾ?"

"ಈಗ್ಲೂ ಐತೆ."

ಅವನು ಜೋರಾಗಿ ನಕ್ಕುಬಿಟ್ಟ. ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನಾನು ಕೂತೆ.