ಮೂಡೆಯ ಹಾಗೆ ಬೆಂದ ಸಾಸೇಜ್

ಆಫೀಸಿನಿಂದ ಅಡ್ಯಾರಿನ ಮನೆಗೆ ಬಂದರೆ ಯಜಮಾನರ ತಟ್ಟೆಯಲ್ಲಿ ಬೀನ್ಸ್, ಕ್ಯಾಪ್ಸಿಕಂ ಜೊತೆ ಸಾಸೇಜ್! ಪ್ಯಾಕೆಟ್ ಮಾಂಸ ಬೇಡವೆಂದು ಹೃದಯದ ಡಾಕ್ಟರು ಹೇಳಿದ ಮೇಲೆ ಅವರಿಗಿಷ್ಟವಾದ ಅದನ್ನು ನಾನು ಮನೆಗೇ ತರುತ್ತಿರಲಿಲ್ಲ. ತಟ್ಟೆ ಎಳೆದುಕೊಂಡೆ.

“ತಿಟ್ಟಾದಮ್ಮಾ!” ಬೈಯಬೇಡವೆಂದು ಈ ಊರಿನ ತಮಿಳಿನಲ್ಲೇ ಕೂಗಿದಳು ಮಗಳು. “ಪ್ಯಾಕೆಟಿನದ್ದಲ್ಲ. ಅಜ್ಜಿ ಮೂಡೆ ಮಾಡಿದ ಹಾಗೆ ನಾನೇ ಮಾಡಿದ್ದು.”

ನಮ್ಮ ಮಂಗಳೂರು ಕಡೆ ಹಬ್ಬಕ್ಕೆ ಇಡ್ಲಿ ಹಿಟ್ಟನ್ನು ಎಲೆಯ ಕೊಳವೆಯಲ್ಲಿ ಬೇಯಿಸುತ್ತೇವೆ, ಅದೇ ಮೂಡೆ. ಅವಳು ಉಪ್ಪು ಕಡಿಮೆ ಹಾಕಿದ ಚಿಕನ್ ಖೀಮಾವನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ, ತರಕಾರಿ ಜೊತೆ ಹುರಿದಿದ್ದಳು.

“ನಿನ್ನ ಅಮ್ಮನಿಗೆ ಕಸಿಯಲಿಕ್ಕೆ ಮಾತ್ರ ಗೊತ್ತು ಮಾರಾಯ್ತಿ,” ಎಂದು ಯಜಮಾನರು ಮಗಳನ್ನು ನೋಡಿ ನಕ್ಕರು.

ಆಗ ನಾನೇನೆಂದೆನೋ ನೆನಪಿಲ್ಲ. ಪ್ರತಿ ಸಲ ಹೇಳುವಾಗಲೂ ನನ್ನ ಮಾತು ಇನ್ನಷ್ಟು ಚೆಂದವಾಗುತ್ತಿದೆ, ನಂಬಬೇಡಿ. ಹೆಮ್ಮೆಯಿಂದ ನನಗೂ ಒಂದು ಬಡಿಸೆಂದು ಅವಳ ಮುಂದೆ ತಟ್ಟೆ ಚಾಚಿದ್ದು ಮಾತ್ರ ನಿಜ.