ಓದದೆ ಮುಚ್ಚಿದ ಸೈಟು

೨೦೧೪ರಲ್ಲಿ ನಾನು ನೈರೋಬಿಯ ಒಂದು ವೆಬ್ ಹೋಸ್ಟಿಂಗ್ ಕಂಪನಿಯಲ್ಲಿ ದೂರು ವಿಭಾಗದ ಮ್ಯಾನೇಜರ್ ಆಗಿದ್ದೆ. ಹೋಸ್ಟಿಂಗ್ ಎಂದರೆ ಬೇರೆಯವರ ವೆಬ್‌ಸೈಟುಗಳಿಗೆ ನಮ್ಮ ಸರ್ವರ್‌ನಲ್ಲಿ ಜಾಗ ಕೊಡುವ ಕೆಲಸ. ಯಾವುದೇ ಸೈಟಿನ ಮೇಲೆ ಹತ್ತು ದೂರು ಬಂದರೆ ಬಂದ್ ಮಾಡಬೇಕು, ಏಳು ದಿನವಾದ ಮೇಲೆ ಅಳಿಸಬೇಕು ಎಂಬ ನಿಯಮ ಬರೆದವನು ನಾನೇ. ತಂಡದ ನಾಲ್ವರೂ ಬೆಂಗಳೂರಿನವರು. ‘ಅಸಾಂಟೆ’ ಎಂದು ಥ್ಯಾಂಕ್ಸ್ ಹೇಳುವುದು ಬಿಟ್ಟರೆ ನಮಗೆ ಸ್ವಾಹಿಲಿ ಬರುತ್ತಿರಲಿಲ್ಲ. ಹಾಗಾಗಿ ದೂರು ಎಣಿಸುತ್ತಿದ್ದೆವು, ಸೈಟು ಓದುತ್ತಿರಲಿಲ್ಲ.

ಹಾಗೆ ಮುಚ್ಚಿದ ಒಂದು ಸ್ವಾಹಿಲಿ ಸೈಟಿನ ಒಡತಿ, ನೈರೋಬಿಯ ನ್ಗಾರಾ ಬಡಾವಣೆಯ ಶಾಲಾ ಶಿಕ್ಷಕಿ ವಾಂಬುಯಿ, ಆರನೆಯ ದಿನ ಕಚೇರಿಗೇ ಬಂದರು. ಮಟಾಟು ಎಂಬ ಬಾಡಿಗೆ ವ್ಯಾನುಗಳಲ್ಲಿ ತಮ್ಮ ಮೈಮೇಲೆ ಕೈ ಹಾಕಿದವರ ಬಗ್ಗೆ ಹೆಂಗಸರು ಬರೆಯುತ್ತಿದ್ದ ಸೈಟಂತೆ ಅದು. ಆ ಬರಹಗಳ ಬೇರೆ ಪ್ರತಿ ಅವರಲ್ಲಿ ಇರಲಿಲ್ಲ.

“ಯಾವ ವಾಕ್ಯ ತಪ್ಪು, ಬೆರಳಿಟ್ಟು ತೋರಿಸಿ,” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಓದಲು ಬಂದರೆ ತಾನೆ ಬೆರಳಿಡುವುದು? ದೂರುಗಳನ್ನಾದರೂ ತೆಗೆದು ನೋಡಿದೆ. ಹತ್ತರಲ್ಲೂ ಅದೇ ಎರಡು ಸಾಲು, ಒಬ್ಬನೇ ಕೂತು ಹತ್ತು ಹೆಸರಲ್ಲಿ ಕಳಿಸಿದಂತಿತ್ತು. ಗಾಬರಿಯಾಗಿ ಬೆಂಗಳೂರಿನ ಬಾಸ್‌ಗೆ ಫೋನ್ ಮಾಡಿದೆ.

“ರೀ, ಪ್ರೈವೇಟ್ ಕಂಪನಿ ಕಣ್ರೀ ನಮ್ದು. ಸರ್ವಿಸ್ ಕೊಡಲ್ಲ ಅಂದ್ರೆ ಕೊಡಲ್ಲ. ಕಾರಣ ಯಾಕ್ ಹೇಳ್ಬೇಕು?”

ಕರಾರಿನ ಪ್ರಕಾರ ಅವರ ಮಾತು ಸರಿಯೇ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕಚೇರಿಯಲ್ಲಿ ಚಹಾ ಮಾಡುವ, ಸ್ವಾಹಿಲಿ ಬಲ್ಲ ಮೇರಿಯನ್ನು ಕರೆದು, ಮುಚ್ಚಿದ ಪುಟಗಳನ್ನು ಓದಿ ಅರ್ಥ ಹೇಳಿ ಎಂದೆ. ಮೊದಲೆರಡು ಬರಹಗಳನ್ನು ಓದಿ ಹೇಳಿದರು. ಮೂರನೆಯದಕ್ಕೆ ಪರದೆ ನೋಡಲೇ ಇಲ್ಲ. ಚಹಾದ ಟ್ರೇ ಹಿಡಿದುಕೊಂಡು, ಮೊದಲಿಂದ ಕೊನೆಯವರೆಗೆ ಬಾಯಲ್ಲೇ ಹೇಳಿದರು.

“ಇದು ನಾನು ಬರೆದದ್ದು,” ಎಂದರು.

ಆ ಆರು ದಿನವೂ ಅವರು ಕೊಟ್ಟ ಚಹಾ ಕುಡಿದಿದ್ದೆ.

“ಸೈಟು ಮುಚ್ಚಿದವರು ನಾವೇ ಅಂತ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?”

“ಗೊತ್ತಿತ್ತು. ಆದರೆ ಕಂಪನಿ ನಿಮ್ಮದು, ಬಾಸ್. ಕೇಳೋಕೆ ನಾನ್ಯಾರು?”

ಸೈಟನ್ನು ಆಗಲೇ ತೆರೆದೆ. ಬೆಂಗಳೂರಿನ ಬಾಸ್ ಬಾಯಿಗೆ ಬಂದಂತೆ ಬೈದರು, ಬೈಸಿಕೊಂಡೆ. ಓದದೆ ಯಾವುದನ್ನೂ ಮುಚ್ಚಬಾರದೆಂದು ನಿಯಮ ತಿದ್ದಿದೆ, ಸ್ವಾಹಿಲಿ ಬಲ್ಲವರನ್ನು ತಂಡಕ್ಕೆ ಸೇರಿಸಿಕೊಂಡೆ. ಬೇಡವೆನ್ನುವ ಹಕ್ಕು ಕಂಪನಿಗೆ ಇರಬಹುದು. ಆದರೆ ನಾವು ಮುಚ್ಚುವುದು ಯಾರ ಬಾಯಿ ಎಂದು ನೋಡಿ ತಿಳಿಯಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಅಂದಿನ ಚಹಾ ಹಾಗೇ ಆರಿಹೋಯಿತು, ಕುಡಿಯಲು ಮುಖವಿರಲಿಲ್ಲ.