ಕನ್ನಡಕ ಗುರುತಿಸದ ಗಂಡ

ಮನುಷ್ಯ ಯಂತ್ರದೊಳಗೆ ಬೆರೆತುಹೋಗುವ ಕಾಲ ಬರುತ್ತದೆಂದು ಟೀವಿಯಲ್ಲಿ ಯಾರೋ ಹೆದರಿಸುತ್ತಿದ್ದರು. ಬರುವುದೇನು, ಬಂದೇ ಬಿಟ್ಟಿದೆ! ನನ್ನ ಎರಡೂ ಮೊಣಕಾಲಲ್ಲಿ ಉಕ್ಕು ಇದೆ, ಎದೆಯಲ್ಲಿ ಪೇಸ್‌ಮೇಕರ್ ಇದೆ. ನನಗಿಂತ ನನ್ನ ಬಿಡಿಭಾಗಗಳಿಗೇ ಗ್ಯಾರಂಟಿ ಜಾಸ್ತಿ.

ಸಕ್ಕರೆ ಕಾಯಿಲೆ ಹೆಂಡತಿಯ ದೃಷ್ಟಿಯನ್ನು ತಿಂದುಹಾಕಿದ ಮೇಲೆ ಅವಳಿಗೂ ಒಂದು ಯಂತ್ರ ಬಂತು. ಕ್ಯಾಮೆರಾ ಇರುವ ಕನ್ನಡಕ. ಎದುರಿಗಿರುವುದನ್ನು ನೋಡಿ ಬಾಯಿಬಿಟ್ಟು ಹೇಳುತ್ತದೆ. ನಾವಿರುವ ಮರಾಠಿ ಸೀಮೆಯ ಬಿಬವೇವಾಡಿಯ ಕಾಯಿಪಲ್ಯೆ ಮಾರ್ಕೆಟ್ಟಿಗೆ ಮೊದಲಿನಂತೆ ಒಬ್ಬಳೇ ಹೋಗಿಬರಬೇಕೆಂಬುದು ಅವಳ ಹಟ.

ಕನ್ನಡಕಕ್ಕೆ ಮನೆಯವರ ಮುಖ ಕಲಿಸಲು ಅಂಗಡಿಯಿಂದ ಒಬ್ಬ ಮರಾಠಿ ಹುಡುಗಿ ಬಂದಳು. ಎದುರು ನಿಂತವರ ಹೆಸರನ್ನು ಕನ್ನಡಕ ಹಾಕಿಕೊಂಡವರೇ ಹೇಳಬೇಕಂತೆ. ಮಗಳ ಹೆಸರು ಸಲೀಸಾಗಿ ಬಂತು. ಹಾಲಿನವನದೂ ಬಂತು. ನಾನು ತಲೆ ಬಾಚಿಕೊಂಡು ನಿಂತೆ, ಇವಳು ಬಾಯಿಯೇ ಬಿಡಲಿಲ್ಲ.

"ಗಂಡನ ಹೆಸರ ಹ್ಯಾಂಗ ಹೇಳ್ಲಿ? ನಾಚಿಕಿ ಬರ್ತದ."

ನಲವತ್ತು ವರ್ಷ ನನ್ನನ್ನು ಬೈಯುವಾಗ ಬಾರದ ನಾಚಿಕೆ! ಕಡೆಗೆ ಆ ಹುಡುಗಿಯೇ ಒಡಪು ಹಾಕಿ ಹೇಳಿರೆಂದಳು. ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ಮದುವೆಮನೆಯ ಪದ್ಧತಿ ಅವರಲ್ಲೂ ಉಂಟು. ಇವಳು ತುಳಸಿಕಟ್ಟೆ, ಬೆಳ್ಳಿ ಬಟ್ಟಲು, ಬಾರಾಮತಿಯ ಬೆಲ್ಲ ಎಲ್ಲ ಕೂಡಿಸಿ ನಾಲ್ಕು ಸಾಲು ಹೇಳಿ, ಕೊನೆಗೆ ನನ್ನ ಹೆಸರಿಟ್ಟಳು. ಹೆಸರು ತೀರಾ ಉದ್ದವಾಯಿತೆಂದು ಕನ್ನಡಕ ತಿರಸ್ಕರಿಸಿತು. ಇನ್ನೊಮ್ಮೆ ಹೇಳಲು ಅವಳು ಸುತಾರಾಂ ಒಪ್ಪಲಿಲ್ಲ. ಹೀಗೆ ನನ್ನ ಮನೆಯಲ್ಲಿ ನಾನೇ ‘ಅಪರಿಚಿತ ವ್ಯಕ್ತಿ’ಯಾದೆ. ಚಹಾ ಕೊಡಲು ಹೋದರೂ ಅದು ಹಾಗೇ ಸಾರುತ್ತಿತ್ತು.

ಅವಳು ಮೊದಲ ಸಲ ಒಬ್ಬಳೇ ಮಾರ್ಕೆಟ್ಟಿಗೆ ಹೊರಟಾಗ ನನ್ನ ಜೀವ ತಡೆಯಲಿಲ್ಲ. ಕಳ್ಳನಂತೆ ಹಿಂದೆ ಹೋದೆ. ರಸ್ತೆಯ ಅಂಚಿನಲ್ಲಿ ಅವಳು ತಡವರಿಸಿದ್ದೇ ತಡ, ಓಡಿಹೋಗಿ ಎದುರು ನಿಂತೆ. ಅಪರಿಚಿತ ವ್ಯಕ್ತಿ, ಎಂದಿತು ಕನ್ನಡಕ.

"ದಾದಾ, ಜರಾ ರಸ್ತಾ ಪಾರ್ ಕರೂನ್ ದ್ಯಾ ನಾ," ಎಂದು ಮರಾಠಿಯಲ್ಲಿ ಕೇಳಿ ತೋಳು ಹಿಡಿದಳು. ಕೈಹಿಡಿದ ಹೆಂಡತಿ ನಡುಬೀದಿಯಲ್ಲಿ ನನ್ನನ್ನು ಅಣ್ಣ ಮಾಡಿದಳಲ್ಲ! ತುಟಿಪಿಟಕ್ಕೆನ್ನದೆ ರಸ್ತೆ ದಾಟಿಸಿದೆ.

ಮನೆಗೆ ಬಂದು ಚೀಲ ಇಳಿಸುತ್ತ ಅವಳೆಂದಳು: "ಕನ್ನಡಕಕ್ಕ ಗೊತ್ತಾಗ್ಲಿಲ್ಲಂದ್ರ ನನಗೂ ಗೊತ್ತಾಗಂಗಿಲ್ಲೇನ್ರಿ? ದಾದಾ ಅಂತ ಬೇಕಂತನ ಅಂದೆ. ನೀವು ಬಂದೀರಿ ಅಂತ ಒಪ್ಪಿಕೊಂಡಿದ್ರ, ನಾ ಮತ್ತ ಕುರುಡಿನ ಆಗ್ತಿದ್ದೆ. ನಾಳೆ ಬರಬ್ಯಾಡ್ರಿ."

ಮರುದಿನ ಅವಳು ಹೋದಳು. ನಾನು ಹೊಸ್ತಿಲ ಮೇಲೆ ಕೂತು, ಪ್ರತಿಯೊಂದು ಹಾರ್ನಿಗೂ ಎದ್ದು ನಿಂತು, ಮತ್ತೆ ಕೂತೆ.